ಪಹಣಿಯ ಒಂಬತ್ತನೆಯ ಕಲಂ

(ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯಲ್ಲಿ, ಸುತ್ತಲಿನ ರೈತ ಕುಟುಂಬಗಳೂ ಬೆಂಗಳೂರಿನ ತಂತ್ರಾಂಶ ಸಂಸ್ಥೆಗಳಲ್ಲಿ ದುಡಿಯುತ್ತಿರುವ ಆ ಮನೆಗಳ ಯುವಜನರೂ ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮಲೆನಾಡಿನವರು ಬಯಲುಸೀಮೆಗೆ ಬಂದು ಪರಿಸರದ ಮಾತನಾಡಿದರೆ, ‘ಇವರಿಗೂ ನಮಗೂ ಏನು ಸಂಬಂಧ’ ಎಂಬ ಪ್ರಶ್ನೆ ಏಳುವುದು ಸಹಜ. ನಮ್ಮನ್ನು ಜೋಡಿಸಿರುವುದು ಹೇಮಾವತಿ. ಬಲ್ಲಾಳರಾಯನ ದುರ್ಗದ ಕಡೆ ಹುಟ್ಟಿ, ಸಕಲೇಶಪುರವನ್ನು ಹಾದು, ಗೊರೂರಿನ ಅಣೆಕಟ್ಟೆಯಲ್ಲಿ ತಂಗಿ, ಹೊಳೆನರಸೀಪುರದ ಮಗ್ಗುಲಲ್ಲಿ ಹರಿದು ಕಾವೇರಿಯನ್ನು ಸೇರುವ ನದಿ ಅದು. ಮೇಲೆ ಒಂದು ಶೋಲಾ ಕಾಡು ಬೋಳಾದರೆ ಕೆಳಗಿನ ನಾಲೆಯಲ್ಲಿ ಅದರ ಲೆಕ್ಕ ಕಾಣುತ್ತದೆ. ಆದರೆ ಇಂದು ನಾನು ಮಾತನಾಡಬೇಕೆಂದಿರುವುದು ನೀರಿನ ಲೆಕ್ಕದ ಬಗ್ಗೆ ಅಲ್ಲ, ಹೆಸರಿನ ಲೆಕ್ಕದ ಬಗ್ಗೆ. ನೆಲದ ಬಳಿ ಯಾರಿದ್ದಾರೆ, ನೆಲದ ದಾಖಲೆಯಲ್ಲಿ ಯಾರಿದ್ದಾರೆ, ಇವೆರಡರ ನಡುವೆ ತಂತ್ರಜ್ಞಾನ ಏನು ಮಾಡುತ್ತಿದೆ ಎಂಬುದರ ಬಗ್ಗೆ.

ನಿಮ್ಮ ಊರಿನ ಹೆಸರು ದೇಶಕ್ಕೆಲ್ಲ ಪರಿಚಿತ. 1996ರ ಜೂನ್ 1ರಂದು ಪ್ರಧಾನಮಂತ್ರಿಯಾದ ಎಚ್.ಡಿ. ದೇವೇಗೌಡರ ಹೆಸರಿನ ಮೊದಲ ಅಕ್ಷರವೇ ಹರದನಹಳ್ಳಿ. ಎರಡನೆಯದು ಅವರ ತಂದೆ ದೊಡ್ಡೇಗೌಡರ ಹೆಸರು. ಇದು ಒಬ್ಬರ ಮಾತಲ್ಲ. ಹಳೆಯ ಮೈಸೂರು ಸೀಮೆಯಲ್ಲಿ ನಮ್ಮೆಲ್ಲರ ಹೆಸರಿನ ಕಟ್ಟಡವೇ ಹಾಗೆ: ಮೊದಲು ಊರು, ಆಮೇಲೆ ತಂದೆ, ಕೊನೆಗೆ ತಾನು. ಎಷ್ಟು ಸೊಗಸಾದ ಪದ್ಧತಿ! ಮನುಷ್ಯ ಎಲ್ಲಿಗೇ ಹೋದರೂ ಊರನ್ನು ಹೆಸರಿನಲ್ಲಿ ಹೊತ್ತುಕೊಂಡೇ ಹೋಗುತ್ತಾನೆ. ಆದರೆ ಆ ಸಾಲಿನಲ್ಲಿ ತಾಯಿಗೆ ಅಕ್ಷರವಿಲ್ಲ. ಹೆಸರಿನಲ್ಲಿ ಅಕ್ಷರವಿಲ್ಲದಿದ್ದರೆ ಬಾಳು ನಿಲ್ಲುವುದಿಲ್ಲ. ಪಹಣಿಯಲ್ಲಿ ಹೆಸರಿಲ್ಲದಿದ್ದರೆ ಏನಾಗುತ್ತದೆ ಎಂಬುದೇ ಇಂದಿನ ನನ್ನ ವಿಷಯ.

ಮೊದಲು ಯಂತ್ರದ ಗುಣವನ್ನು ಗುಣವೆಂದೇ ಹೇಳೋಣ. ಪರಿಸರ ಚಳವಳಿಯವರು ತಂತ್ರಜ್ಞಾನದ ವಿರೋಧಿಗಳು ಎಂಬ ಮಾತು ಚಾಲ್ತಿಯಲ್ಲಿದೆ. ಅದು ನಿಜವಲ್ಲ. ಮೂಡಿಗೆರೆಯ ತೋಟದಲ್ಲಿ ನೆಲೆಸಿ ಕಾಡು, ಹಕ್ಕಿಗಳ ಬಗ್ಗೆ ಬರೆದ ಪೂರ್ಣಚಂದ್ರ ತೇಜಸ್ವಿಯವರೇ ಗಣಕಯಂತ್ರದಲ್ಲಿ ಕನ್ನಡ ನೆಲೆಯೂರಬೇಕೆಂದು ಕೊನೆಯವರೆಗೂ ಕಾಳಜಿ ವಹಿಸಿದವರು. ನಮ್ಮ ರಾಜ್ಯದ ‘ಭೂಮಿ’ ಯೋಜನೆಯನ್ನೇ ನೋಡಿ. ಅದಕ್ಕೆ ಮೊದಲು ಸುಮಾರು ಒಂಬತ್ತು ಸಾವಿರ ಗ್ರಾಮ ಲೆಕ್ಕಿಗರ ಕೈಯಲ್ಲಿ ಪಹಣಿಯ ಪುಸ್ತಕಗಳಿದ್ದವು. ಒಂದು ಪ್ರತಿಗಾಗಿ ರೈತ ಎಷ್ಟು ದಿನ ಅಲೆಯಬೇಕಿತ್ತು, ಯಾರ ಜೇಬು ತುಂಬಿಸಬೇಕಿತ್ತು ಎಂಬುದನ್ನು ಇಲ್ಲಿ ಕುಳಿತಿರುವ ಹಿರಿಯರಿಗೆ ನಾನು ಹೇಳಬೇಕಾಗಿಲ್ಲ. ಸುಮಾರು 67 ಲಕ್ಷ ಭೂಮಾಲೀಕರಿಗೆ ಸೇರಿದ 2 ಕೋಟಿಯಷ್ಟು ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿ, 2002ರ ಹೊತ್ತಿಗೆ 177 ತಾಲ್ಲೂಕು ಕೇಂದ್ರಗಳಲ್ಲಿ 15 ರೂಪಾಯಿಗೆ ಒಂದು ಪ್ರತಿ ಸಿಗುವಂತೆ ಮಾಡಿದ್ದು ದೇಶಕ್ಕೇ ಮಾದರಿಯಾದ ಕೆಲಸ. ಮೊದಲು ಬಂದ ಅರ್ಜಿ ಮೊದಲು ಇತ್ಯರ್ಥವಾಗಬೇಕೆಂಬ ನಿಯಮವನ್ನು ತಂತ್ರಾಂಶದೊಳಗೇ ಬರೆದರು. ಬದಲಾವಣೆಗೆ ಒಪ್ಪಿಗೆ ಕೊಡುವ ಅಧಿಕಾರಿ ತನ್ನ ಬೆರಳಚ್ಚು ಒತ್ತಬೇಕಾಯಿತು. ‘ನಾನು ಮಾಡಿದ್ದಲ್ಲ’ ಎಂದು ಜಾರಿಕೊಳ್ಳುವ ದಾರಿ ಕಿರಿದಾಯಿತು. ಒಬ್ಬ ತಂತ್ರಾಂಶ ಪರಿಣತ ನಾಗರಿಕ ಜೀವನಕ್ಕೆ ಏನು ಕೊಡಬಲ್ಲ ಎಂದು ಯಾರಾದರೂ ಕೇಳಿದರೆ, ಆ ಒಂದು ನಿಯಮವನ್ನು ತೋರಿಸಬಹುದು.

ಆದರೆ ಯಂತ್ರಕ್ಕೆ ಇನ್ನೊಂದು ಗುಣವೂ ಇದೆ. ಅದು ಕೊಟ್ಟದ್ದನ್ನಷ್ಟೇ ಕಾಣುತ್ತದೆ. ಕೈಬರಹದ ಪಹಣಿಯಲ್ಲಿ ಇದ್ದದ್ದೇ ಗಣಕಯಂತ್ರದ ಪಹಣಿಗೂ ಬಂತು. ಅದರಲ್ಲಿ ಒಂಬತ್ತನೆಯ ಕಲಂ ಸ್ವಾಧೀನದಾರರದು, ಅಂದರೆ ಜಮೀನು ಯಾರದು ಎಂದು ಹೇಳುವ ಜಾಗ. ಹನ್ನೊಂದನೆಯದು ಹಕ್ಕು ಮತ್ತು ಋಣಗಳದು. ಬ್ಯಾಂಕಿನ ಸಾಲ ಇಲ್ಲಿ ಕಾಣುತ್ತದೆ. ಇನ್ನೊಂದು ಕಡೆ ಸಾಗುವಳಿಯ ವಿವರವಿದೆ. ಅಲ್ಲಿ ಸಾಮಾನ್ಯವಾಗಿ ಕಾಣುವ ಪದ ‘ಸ್ವಂತ’. ಸ್ವಂತ ಎಂದರೆ ಯಾರು? ಒಂಬತ್ತನೆಯ ಕಲಮಿನ ಗಂಡಸು ಎಂದು ಸರ್ಕಾರ ತಿಳಿಯುತ್ತದೆ. ಅನೇಕ ಮನೆಗಳಲ್ಲಿ ಆ ಗಂಡಸು ತೀರಿಕೊಂಡು ಇಪ್ಪತ್ತು ವರ್ಷವಾಗಿರುತ್ತದೆ. ಅವನ ಮಗ ವೈಟ್‌ಫೀಲ್ಡಿನಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ಇರುತ್ತಾನೆ. ರಾಗಿಯ ಕಳೆ ಕೀಳುತ್ತಿರುವವಳು, ಆಲೂಗೆಡ್ಡೆಯ ಸಾಲಿಗೆ ಮಣ್ಣು ಏರಿಸುತ್ತಿರುವವಳು, ಹಸುವಿನ ಹಾಲು ಕರೆದು ಡೇರಿಗೆ ಹಾಕುತ್ತಿರುವವಳು ಆ ಮನೆಯ ತಾಯಿ. ‘ಸ್ವಂತ’ ಎಂಬ ಆ ಎರಡೂವರೆ ಅಕ್ಷರದ ಹಿಂದೆ ಆಕೆ ಮರೆಯಾಗಿದ್ದಾಳೆ.

ಇದು ಒಂದೆರಡು ಮನೆಯ ಕಥೆಯಲ್ಲ. 2015–16ರ ಕೃಷಿ ಗಣತಿಯ ಪ್ರಕಾರ ದೇಶದ ಸಾಗುವಳಿ ಹಿಡುವಳಿಗಳಲ್ಲಿ ಹೆಣ್ಣುಮಕ್ಕಳ ಹೆಸರಿನಲ್ಲಿದ್ದದ್ದು ಶೇಕಡಾ 14ರಷ್ಟು ಮಾತ್ರ. ಹೊಲಗಳಲ್ಲಿ ನಿಂತು ಎಣಿಸಿದರೆ ನಮಗೆ ಸಿಗುವ ಲೆಕ್ಕವೇ ಬೇರೆ. ಪಹಣಿಗೆ ಆಧಾರ್ ಜೋಡಿಸುವ ಕೆಲಸ ಆರಂಭವಾದಾಗ, ರಾಜ್ಯದಲ್ಲಿ ಹತ್ತಾರು ಲಕ್ಷ ಜಮೀನುಗಳು ಇನ್ನೂ ಮೃತರ ಹೆಸರಿನಲ್ಲಿಯೇ ಇವೆಯೆಂಬುದು ಬೆಳಕಿಗೆ ಬಂತು. ಅದಕ್ಕಾಗಿಯೇ ಕಂದಾಯ ಇಲಾಖೆ 2025ರಲ್ಲಿ ಇ-ಪೌತಿ ಆಂದೋಲನವನ್ನು ಕೈಗೊಂಡಿತು. ನಮ್ಮ ಊರುಗಳ ನೆಲದ ಬಹುಭಾಗ ಸತ್ತವರ ಹೆಸರಿನಲ್ಲಿದೆ, ದೂರ ಹೋದವರ ಹೆಸರಿನಲ್ಲಿದೆ. ಇರುವವರ ಹೆಸರಿನಲ್ಲಿ ಇಲ್ಲ.

‘ಇದ್ದರೇನು, ಇಲ್ಲದಿದ್ದರೇನು? ಅಮ್ಮನನ್ನು ಹೊಲದಿಂದ ಯಾರೂ ಎಬ್ಬಿಸುವುದಿಲ್ಲವಲ್ಲ’ ಎಂದು ಕೆಲವರು ಹೇಳುತ್ತಾರೆ. ಕೈಬರಹದ ಕಾಲದಲ್ಲಿ ಆ ಮಾತಿಗೆ ಅಷ್ಟಿಷ್ಟು ಅರ್ಥವಿತ್ತು. ಆಗ ಊರಿಗೆ ಬರುತ್ತಿದ್ದ ಗ್ರಾಮಸೇವಕನಿಗೆ ಹೊಲದಲ್ಲಿ ಯಾರಿದ್ದಾರೆಂದು ಕಣ್ಣಿಗೆ ಕಾಣುತ್ತಿತ್ತು. ಪುಸ್ತಕದಲ್ಲಿ ಹೆಸರಿಲ್ಲದಿದ್ದರೂ ‘ಇಂಥವರ ಮನೆಯವರು’ ಎಂದು ಬೀಜವನ್ನೋ ಗೊಬ್ಬರವನ್ನೋ ಕೊಟ್ಟುಹೋಗುತ್ತಿದ್ದ. ಈಗ ಕಣ್ಣಿನ ಜಾಗದಲ್ಲಿ ತಂತ್ರಾಂಶ ಕುಳಿತಿದೆ. ಪಹಣಿಯಲ್ಲಿ ಹೆಸರಿದ್ದರೆ ‘ಫ್ರೂಟ್ಸ್’ ವ್ಯವಸ್ಥೆಯಲ್ಲಿ ರೈತ ಗುರುತಿನ ಸಂಖ್ಯೆ. ಆ ಸಂಖ್ಯೆಯಿದ್ದರೆ ಬೆಂಬಲ ಬೆಲೆಗೆ ರಾಗಿ ಮಾರಲು ನೋಂದಣಿ, ಇಲಾಖೆಯ ಸಹಾಯಧನ, ಬೆಳೆಹಾನಿಯ ಪರಿಹಾರ. 2019ರಲ್ಲಿ ಜಾರಿಗೆ ಬಂದ ಪಿಎಂ-ಕಿಸಾನ್ ಯೋಜನೆಯ ವರ್ಷಕ್ಕೆ 6000 ರೂಪಾಯಿಗೂ ಭೂದಾಖಲೆಯ ಹೆಸರೇ ಆಧಾರ. ಒಂದು ಕೊಂಡಿಗೆ ಇನ್ನೊಂದು ಕೊಂಡಿ ಸೇರಿದ ಸರಪಳಿ ಇದು. ಮೊದಲ ಕೊಂಡಿಯಲ್ಲಿ ಹೆಸರಿಲ್ಲದವರು ಕೊನೆಯ ಕೊಂಡಿಯವರೆಗೂ ಇಲ್ಲ. ಹಿಂದೆ ಮನೆಯವರ ಮರೆವಾಗಿದ್ದದ್ದು ಈಗ ಎಲ್ಲ ಇಲಾಖೆಗಳ ಮರೆವಾಗಿದೆ. ಅದಕ್ಕೆ ಯಂತ್ರವನ್ನು ಬೈದು ಪ್ರಯೋಜನವಿಲ್ಲ. ಅದು ನಮ್ಮ ಮನೆಯ ಪದ್ಧತಿಯನ್ನು ತಪ್ಪಿಲ್ಲದೆ ನಕಲು ಮಾಡಿದೆ, ಅಷ್ಟೆ.

ನನ್ನ ವೃತ್ತಿಯ ಒಂದು ಉದಾಹರಣೆ ಕೊಡುತ್ತೇನೆ. ಹಾಸನ ಜಿಲ್ಲೆಯ ಆಲೂಗೆಡ್ಡೆ ಮಳೆಯಾಶ್ರಯದ ಬೆಳೆ. ಮೇ ತಿಂಗಳ ಹದಮಳೆಗೆ ಬಿತ್ತನೆ. ಬಿತ್ತನೆ ಗೆಡ್ಡೆ ಬರುವುದು ದೂರದ ಪಂಜಾಬಿನ ಜಲಂಧರದಿಂದ. ಬೆಳೆ ಎದೆಯೆತ್ತುವ ಹೊತ್ತಿಗೆ ಮುಂಗಾರಿನ ಮೋಡ ಕವಿಯುತ್ತದೆ. ಬಿಸಿಲಿಲ್ಲದ ದಿನಗಳು, ಎಡೆಬಿಡದ ತುಂತುರು, ತಂಪು ಗಾಳಿ ಕೂಡಿಬಂದರೆ ಅಂಗಮಾರಿ ರೋಗ ಇಳಿಯುತ್ತದೆ. ಮಲೆನಾಡಿನ ಅಡಿಕೆಗೆ ಕೊಳೆ ತರುವ ರೋಗಾಣುವಿನ ದಾಯಾದಿಯೇ ಇದು. 1845ರಲ್ಲಿ ಐರ್ಲೆಂಡಿನ ಆಲೂಗೆಡ್ಡೆಯನ್ನು ನಾಶಮಾಡಿ ಲಕ್ಷಾಂತರ ಜನರನ್ನು ಹಸಿವಿಗೆ ದೂಡಿದ್ದೂ ಇದೇ ರೋಗ. ಎಲೆಯ ಅಂಚಿನಲ್ಲಿ ನೀರು ತೊಯ್ದಂಥ ಕಲೆ ಕಂಡ ಮೇಲೆ ಹೊಲವೇ ಸುಟ್ಟಂತಾಗಲು ಕೆಲವೇ ದಿನ ಸಾಕು. ಈ ರೋಗಕ್ಕೆ ಮದ್ದು ಬಂದ ಮೇಲಲ್ಲ, ಬರುವ ಮುನ್ನ. ಹಾಗಾಗಿ ಹವಾಮಾನ ನೋಡಿ ಮುನ್ನೆಚ್ಚರಿಕೆ ಕೊಡುವ ಮೊಬೈಲ್ ಸಂದೇಶ ನಿಜವಾಗಿಯೂ ಅಮೂಲ್ಯವಾದದ್ದು.

ಆದರೆ ಆ ಸಂದೇಶ ತಲುಪುವುದು ಯಾರಿಗೆ? ನೋಂದಣಿಯಾದ ದೂರವಾಣಿ ಸಂಖ್ಯೆಗೆ. ಎಷ್ಟೋ ಮನೆಗಳಲ್ಲಿ ಆ ಸಂಖ್ಯೆ ಬೆಂಗಳೂರಿನ ಮಗನದು. ‘ಮುಂದಿನ ಮೂರು ದಿನ ಮೋಡ ಕವಿದ ವಾತಾವರಣ, ಔಷಧಿ ಸಿಂಪಡಿಸಿ’ ಎಂಬ ಮಾತು ಹತ್ತನೆಯ ಮಹಡಿಯ ಸಭೆಯೊಂದರಲ್ಲಿ ಸದ್ದಡಗಿದ ಮೊಬೈಲಿನಲ್ಲಿ ಮಿನುಗುತ್ತದೆ. ಹೊಲದ ಬದುವಿನ ಮೇಲೆ ನಿಂತ ತಾಯಿ ಮೋಡ ನೋಡಿ ತಾನೇ ಅಂದಾಜು ಮಾಡುತ್ತಾಳೆ. ಆಕೆಯ ಅಂದಾಜು ಬಹುಪಾಲು ಸರಿಯೇ ಇರುತ್ತದೆ, ಅದು ಬೇರೆ ಮಾತು. ಹಾಗೆಯೇ ಒಟಿಪಿ. ಯಾವ ಕಚೇರಿಗೆ ಹೋದರೂ ಆರಂಕಿಯ ಆ ಸಂಖ್ಯೆ ಬೇಕು, ಅದು ಬರುವುದು ಮಗನ ಮೊಬೈಲಿಗೆ. ‘ಮಗಾ, ನಂಬರ್ ಬಂತಾ?’ ಎಂದು ತಾಯಿ ಕೇಳುವುದು, ಅವಧಿ ಮುಗಿಯುವುದರೊಳಗೆ ಅವನು ಹೇಳಬೇಕಾದದ್ದು, ಅವನು ಕೆಲಸದಲ್ಲಿದ್ದರೆ ಆಕೆ ಸರದಿಯಿಂದ ಹೊರಬಂದು ಕಟ್ಟೆಯ ಮೇಲೆ ಕೂರುವುದು. ತಾಯಿ-ಮಗನ ನಡುವೆ ಮಳೆಬೆಳೆಯ ಮಾತಿಗಿಂತ ಈ ಸಂಖ್ಯೆಯ ಮಾತೇ ಹೆಚ್ಚಾಗಿರುವ ಮನೆಗಳಿವೆ. ಹೊಲ ಆಕೆಯದು, ಬೆಳೆ ಆಕೆಯದು, ಹೆಬ್ಬೆರಳು ಆಕೆಯದು; ಬೀಗದ ಕೈ ಮಾತ್ರ ದೂರದ ಬೆಂಗಳೂರಿನಲ್ಲಿ.

ಬೆಂಗಳೂರಿನಿಂದ ಬಂದ ಮಿತ್ರರೇ, ನಿಮ್ಮ ಮೇಲೆ ದೂರು ಹೊರಿಸಲು ನಾನು ಬಂದಿಲ್ಲ. ನೀವು ಹಣ ಕಳಿಸುತ್ತೀರಿ, ತಂಗಿಯ ಓದಿಗೆ ನೆರವಾಗುತ್ತೀರಿ, ಹಬ್ಬಕ್ಕೆ ಬರುತ್ತೀರಿ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಂದಿನಿಂದ ಬೆಳೆದ ಉದ್ಯಮ ನಮ್ಮ ಸಾವಿರಾರು ಒಕ್ಕಲು ಮನೆಗಳ ಸಾಲ ತೀರಿಸಿದೆ. ನಾನು ಕೇಳುವುದು ಇಷ್ಟೇ. ನಿಮ್ಮ ಕಚೇರಿಯಲ್ಲಿ ಒಂದು ತಂತ್ರಾಂಶ ಬರೆಯುವ ಮುನ್ನ, ಅದನ್ನು ಬಳಸುವವರು ಯಾರೆಂದು ಮೊದಲು ಕೇಳುವುದನ್ನು ನಿಮಗೆ ಕಲಿಸಿದ್ದಾರೆ. ಹೊಲವನ್ನು ಬಳಸುವವರು ಯಾರೆಂದು ಮನೆಯಲ್ಲಿ ಎಂದಾದರೂ ಕೇಳಿದ್ದೀರಾ?

ಈ ಪ್ರಶ್ನೆ ಹೊಸದಲ್ಲ. ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ಗೇಣಿದಾರರಿಗೆ ನೆಲ ಕೊಟ್ಟಿತು. ‘ಉಳುವವನೇ ಹೊಲದೊಡೆಯ’ ಎಂಬುದು ಆ ಕಾಲದ ಘೋಷಣೆ. ನಾಡಿನ ಇತಿಹಾಸದಲ್ಲಿ ದೊಡ್ಡ ಹೆಜ್ಜೆ ಅದು. ಆದರೆ ಆ ಪದವನ್ನು ಒಮ್ಮೆ ನಿಧಾನವಾಗಿ ಓದಿ ನೋಡಿ. ‘ಉಳುವವನು’. ನೇಗಿಲು ಹಿಡಿಯುವುದು ಗಂಡಸಿನ ಕೆಲಸ. ನಾಟಿ ಮಾಡುವವಳು, ಕಳೆ ಕೀಳುವವಳು, ಬೀಜ ಆರಿಸಿ ಬೂದಿ ಬೆರೆಸಿ ಗಡಿಗೆಯಲ್ಲಿ ಕಾಪಿಡುವವಳು ಆ ಪದದೊಳಗೆ ಬರಲಿಲ್ಲ. ಗೇಣಿಯ ಅರ್ಜಿಗಳು ಬಹುಮಟ್ಟಿಗೆ ಗಂಡಸರ ಹೆಸರಿನಲ್ಲಿಯೇ ಹೋದವು, ಆದೇಶಗಳೂ ಹಾಗೆಯೇ ಬಂದವು. ಆಗ ಬರೆದ ಹೆಸರನ್ನೇ ಗಣಕಯಂತ್ರ ಇಂದು ಮುದ್ರಿಸುತ್ತಿದೆ.

ಕಾನೂನು ಮಾತ್ರ ಮುಂದೆ ಸಾಗಿದೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಮನೆಯ ಯಜಮಾನ ಉಯಿಲು ಬರೆಯದೆ ತೀರಿಕೊಂಡರೆ ಅವನ ಪಾಲಿಗೆ ಹೆಂಡತಿ, ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮೊದಲ ದರ್ಜೆಯ ವಾರಸುದಾರರು. ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಂತೆಯೇ ಹುಟ್ಟಿನಿಂದ ಹಕ್ಕು ಎಂದು ಕರ್ನಾಟಕ 1994ರಲ್ಲಿಯೇ ತಿದ್ದುಪಡಿ ತಂದಿತು. ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರಲ್ಲಿ ಕೇಂದ್ರ ಸರ್ಕಾರದ ತಿದ್ದುಪಡಿ ಆ ಭೇದವನ್ನೂ ಅಳಿಸಿತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, 2005ರ ಹೊತ್ತಿಗೆ ತಂದೆ ಬದುಕಿರಲಿ ಬಿಡಲಿ, ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು ಸ್ಪಷ್ಟಪಡಿಸಿತು. ಇಷ್ಟಾದರೂ ಪೌತಿ ಖಾತೆಗೆ ಅರ್ಜಿ ಹಾಕುವಾಗ ಏನಾಗುತ್ತದೆ? ವಂಶವೃಕ್ಷ ಬರೆಸುವಾಗ ಮದುವೆಯಾಗಿ ಹೋದ ಅಕ್ಕತಂಗಿಯರ ಕೊಂಬೆ ಬಿಟ್ಟುಹೋಗುತ್ತದೆ. ಇಲ್ಲವೇ ಅವರನ್ನು ಕರೆಸಿ ಒಂದು ಸೀರೆ, ಅರಿಶಿನ-ಕುಂಕುಮಕ್ಕೆಂದು ಒಂದಿಷ್ಟು ಹಣ ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಲಾಗುತ್ತದೆ. ಈ ಸಭೆಯಲ್ಲಿ ತಂತ್ರಾಂಶ ಸಂಸ್ಥೆಗಳಲ್ಲಿ ದುಡಿಯುವ ಹೆಣ್ಣುಮಕ್ಕಳೂ ಇದ್ದೀರಿ. ಕಚೇರಿಯಲ್ಲಿ ನಿಮ್ಮ ಒಪ್ಪಿಗೆಯಿಲ್ಲದೆ ಒಂದು ಸಾಲು ಬದಲಾಗುವುದಿಲ್ಲ. ತವರಿನಲ್ಲಿ ಓದದೆಯೇ ಸಹಿ ಹಾಕೆಂದು ನಿಮಗೂ ಹೇಳುತ್ತಾರೆ.

ಇದು ಮನೆಯೊಳಗಿನ ನ್ಯಾಯದ ಪ್ರಶ್ನೆ ಮಾತ್ರವಾಗಿದ್ದರೆ ಪರಿಸರ ಬಳಗದ ವೇದಿಕೆಯಲ್ಲಿ ನಾನಿದನ್ನು ಇಷ್ಟು ಬೆಳೆಸುತ್ತಿರಲಿಲ್ಲ. ನೆಲದ ಭವಿಷ್ಯವೇ ಇದಕ್ಕೆ ತಗುಲಿಕೊಂಡಿದೆ. ‘ಭೂಮಿ’ ಬಂದ ಮೇಲೆ ನೆಲದ ವಿವರ ದೂರದಿಂದಲೇ ಕಾಣತೊಡಗಿತು. ಇದು ರೈತನಿಗೆಷ್ಟೋ ಅಷ್ಟೇ, ಅಥವಾ ಅದಕ್ಕಿಂತ ಹೆಚ್ಚಾಗಿ, ದೊಡ್ಡ ಕೊಳ್ಳುಗರಿಗೂ ಅನುಕೂಲವಾಯಿತೆಂದು 2007ರಷ್ಟು ಹಿಂದೆಯೇ ಬೆಂಗಳೂರಿನ ಸುತ್ತ ಅಧ್ಯಯನ ಮಾಡಿದ ಸಂಶೋಧಕರು ವಾದಿಸಿದ್ದರು. 2020ರಲ್ಲಿ ಭೂಸುಧಾರಣಾ ಕಾಯಿದೆಯ 79ಎ, 79ಬಿ ಕಲಮುಗಳು ರದ್ದಾಗಿ, ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳುವ ದಾರಿ ತೆರೆಯಿತು. ನಮ್ಮ ಮಲೆನಾಡಿನಲ್ಲಿ ಒಂದು ತೋಟ ರೆಸಾರ್ಟಾಗಲು, ಒಂದು ಗದ್ದೆಬಯಲು ಮಣ್ಣು ತುಂಬಿ ನಿವೇಶನವಾಗಲು ಈಗ ಬೇಕಾದದ್ದು ಒಂಬತ್ತನೆಯ ಕಲಮಿನವರ ಸಹಿ. ಆ ಕಲಮಿನಲ್ಲಿ ಮಗನೊಬ್ಬನೇ ಇದ್ದರೆ ಅವನ ಕಷ್ಟಕಾಲದ ಒಂದು ದಿನ ಸಾಕು. ಬೆಂಗಳೂರಿನ ಮನೆಯ ಸಾಲದ ಕಂತು, ಕೆಲಸ ಕಳೆದುಕೊಂಡ ಮೂರು ತಿಂಗಳು, ಒಂದು ಆಸ್ಪತ್ರೆಯ ಖರ್ಚು, ಇಷ್ಟರಲ್ಲಿ ನೆಲ ಕೈಬಿಡುತ್ತದೆ. ಅಮ್ಮನಿಗೆ ಸುದ್ದಿ ತಿಳಿಯುವುದು ಅಳತೆಯವರು ಕಲ್ಲು ನೆಡಲು ಬಂದಾಗ.

ಆಕೆಯ ಹೆಸರೂ ಅಲ್ಲಿದ್ದರೆ? ನೆಲ ಮಾರಾಟವಾಗುವುದೇ ಇಲ್ಲ ಎಂದು ನಾನು ಹೇಳಲಾರೆ. ಆದರೆ ಆಕೆಯನ್ನು ಕೇಳಲೇಬೇಕಾಗುತ್ತದೆ. ಕೇಳಿದಾಗ ಆಕೆ ಹೇಳುವ ಮಾತುಗಳಲ್ಲಿ ಬಾವಿ ಬರುತ್ತದೆ, ಬದುವಿನ ಹಲಸು ಬರುತ್ತದೆ, ದನ ಎಲ್ಲಿ ನೀರು ಕುಡಿಯುತ್ತದೆ ಎಂಬುದು ಬರುತ್ತದೆ, ಕಟ್ಟೆಯ ಕೋಡಿ ಯಾವ ಕಡೆ ಹರಿಯುತ್ತದೆ ಎಂಬುದು ಬರುತ್ತದೆ. ಇವು ಯಾವ ದಾಖಲೆಯಲ್ಲೂ ಇಲ್ಲದ, ಆದರೆ ನೆಲ ನೆಲವಾಗಿ ಉಳಿಯಲು ಬೇಕಾದ ವಿವರಗಳು.

ಮನೆಯಲ್ಲಿ ನಡೆಯುವುದೇ ಊರಿನಲ್ಲೂ ನಡೆಯುತ್ತದೆ, ನಾಡಿನಲ್ಲೂ ನಡೆಯುತ್ತದೆ. ನಿಮ್ಮ ಜಿಲ್ಲಾ ಕೇಂದ್ರದಲ್ಲಿಯೇ ಇಸ್ರೋ ಸಂಸ್ಥೆಯ ಉಪಗ್ರಹ ನಿಯಂತ್ರಣ ಕೇಂದ್ರ 1982ರಿಂದ ಇದೆ. ಮೂವತ್ತಾರು ಸಾವಿರ ಕಿಲೋಮೀಟರ್ ಎತ್ತರದ ಉಪಗ್ರಹಗಳನ್ನು ಹಾಸನದಲ್ಲಿ ಕುಳಿತು ಆಡಿಸುವ ಪರಿಣತಿ ನಮ್ಮದು, ಹೆಮ್ಮೆಪಡೋಣ. ಪಶ್ಚಿಮ ಘಟ್ಟದ ವಿಷಯದಲ್ಲೂ ಉಪಗ್ರಹದ ಕಣ್ಣು ಬಳಕೆಯಾಯಿತು. 2013ರ ಕಸ್ತೂರಿರಂಗನ್ ಸಮಿತಿ ಉಪಗ್ರಹ ಚಿತ್ರಗಳಿಂದ ಘಟ್ಟದ ಶೇಕಡಾ 37ರಷ್ಟು, ಅಂದರೆ ಸುಮಾರು 60 ಸಾವಿರ ಚದರ ಕಿಲೋಮೀಟರ್ ಪ್ರದೇಶವನ್ನು ಪರಿಸರ ಸೂಕ್ಷ್ಮವೆಂದು ಗುರುತಿಸಿತು. ಅದಕ್ಕೂ ಮೊದಲು, 2011ರಲ್ಲಿ, ಮಾಧವ ಗಾಡ್ಗೀಳ್ ಸಮಿತಿ ತನ್ನ ವರದಿಯಲ್ಲಿ ನಿರ್ಧಾರಗಳು ಗ್ರಾಮಸಭೆಗಳಿಂದ ಮೇಲಕ್ಕೆ ಬರಬೇಕೆಂದು ಹೇಳಿತ್ತು. ಆ ವರದಿಯನ್ನೇ ಸರ್ಕಾರ ತಿಂಗಳುಗಟ್ಟಲೆ ಜನರ ಕೈಗೆ ಕೊಡಲಿಲ್ಲ. ಮಾಹಿತಿ ಹಕ್ಕು ಕಾಯಿದೆಯಡಿ ಕೇರಳದ ನಾಗರಿಕರೊಬ್ಬರು ಹಾಕಿದ ಅರ್ಜಿ ದೆಹಲಿ ಹೈಕೋರ್ಟಿನವರೆಗೆ ಹೋಗಿ 2012ರಲ್ಲಿ ಅದು ಹೊರಬಂತು. ನಂತರ ಆದದ್ದು ನಿಮಗೆ ಗೊತ್ತಿದೆ. ನಕ್ಷೆ ಬಂತು, ಊರುಗಳ ಪಟ್ಟಿ ಬಂತು. ತನ್ನ ಊರು ಪಟ್ಟಿಯಲ್ಲಿ ಏಕಿದೆ ಎಂದು ಮಲೆನಾಡಿನ ಬಹಳಷ್ಟು ಮನೆಗಳಿಗೆ ಅವರ ಭಾಷೆಯಲ್ಲಿ, ಅವರ ಅಂಗಳದಲ್ಲಿ ಕುಳಿತು ಯಾರೂ ಹೇಳಲಿಲ್ಲ. ಖಾಲಿ ಬಿಟ್ಟ ಜಾಗವನ್ನು ವದಂತಿ ತುಂಬಿತು. 2014ರಿಂದ ಕರಡು ಅಧಿಸೂಚನೆ ಮೇಲೆ ಕರಡು ಅಧಿಸೂಚನೆ ಬಂದು, 2024ರ ಜುಲೈನಲ್ಲಿ ಆರನೆಯದು ಹೊರಬಿತ್ತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯದ ಸಚಿವ ಸಂಪುಟ ವರದಿಯನ್ನು ತಿರಸ್ಕರಿಸಿತು. ಉಪಗ್ರಹಕ್ಕೆ ಮರ ಕಂಡಿತು. ಮರದ ಕೆಳಗಿನವರ ಮಾತು ಕೇಳಿಸಲಿಲ್ಲ. ಕೇಳಿಸಿಕೊಳ್ಳಬೇಕಿದ್ದದ್ದು ಗ್ರಾಮಸಭೆ. ಕಾಡೂ ಸೋತಿತು, ಜನರೂ ಸೋತರು.

ಇದಕ್ಕೆ ಪ್ರತಿಯಾಗಿ ಇನ್ನೊಂದು ಉದಾಹರಣೆ. ಆಲೂರು, ಸಕಲೇಶಪುರದ ಕಡೆ ಕಾಡಾನೆಗಳ ಸಂಕಟ ನಿಮಗೆ ತಿಳಿದದ್ದೇ. ಅಲ್ಲಿ ಆನೆಯ ಹಿಂಡು ಎಲ್ಲಿದೆಯೆಂದು ಜನರ ಮೊಬೈಲಿಗೆ ಸಂದೇಶ ಹೋಗುವ, ರಸ್ತೆಬದಿಯ ಫಲಕದಲ್ಲಿ ತೋರಿಸುವ ವ್ಯವಸ್ಥೆ ಬಂದಿದೆ. ಕೆಲವು ಆನೆಗಳಿಗೆ ರೇಡಿಯೋ ಕಾಲರ್ ತೊಡಿಸಿದ್ದಾರೆ. ಇದರಿಂದ ಸಂಕಟ ಮುಗಿದಿಲ್ಲ, ಸಾವುಗಳೂ ನಿಂತಿಲ್ಲ. ಆದರೂ ಮುಂಜಾನೆ ಕಾಫಿ ತೋಟಕ್ಕೆ ಹೊರಟ ಕೂಲಿ ಹೆಂಗಸೊಬ್ಬಳು ಇವತ್ತು ಯಾವ ದಾರಿ ಬಿಡಬೇಕೆಂದು ಅದರಿಂದ ತಿಳಿಯುತ್ತಾಳೆ. ಅದು ಕೆಲಸ ಮಾಡುವುದಕ್ಕೆ ಕಾರಣವೇನು? ಸಂದೇಶದ ಬುಡದಲ್ಲಿ ಹೆಜ್ಜೆ ನೋಡುತ್ತ, ಲದ್ದಿ ನೋಡುತ್ತ ನಡೆಯುವ ಸಿಬ್ಬಂದಿಯ ಕಾಲುಗಳಿವೆ. ಸಂದೇಶದ ತುದಿಯಲ್ಲಿ ಮಗನ ಮೊಬೈಲಲ್ಲ, ಆ ದಾರಿಯಲ್ಲಿ ನಡೆಯುವವರ ಮೊಬೈಲೇ ಇದೆ. ಬುಡವೂ ತುದಿಯೂ ನೆಲ ಮುಟ್ಟಿರುವ ತಂತ್ರಜ್ಞಾನ ಉಪಕಾರಿ. ಎರಡರಲ್ಲಿ ಒಂದು ತೇಲುತ್ತಿದ್ದರೂ ಅದು ಲೆಕ್ಕ ಒಪ್ಪಿಸುವ ಸಾಧನ ಮಾತ್ರ.

ಈಗ ಸಾಮಾನ್ಯವಾಗಿ ಬರುವ ಆಕ್ಷೇಪಗಳಿಗೆ ಬರುತ್ತೇನೆ.

ಮೊದಲನೆಯದು, ‘ಎಲ್ಲರ ಹೆಸರು ಸೇರಿಸಿದರೆ ಜಮೀನು ತುಂಡಾಗುತ್ತದೆ.’ ತುಂಡಾಗುವ ಭಯ ನ್ಯಾಯವಾದದ್ದೇ. 2015–16ರ ಗಣತಿಯಲ್ಲಿ ಕರ್ನಾಟಕದ ಸರಾಸರಿ ಹಿಡುವಳಿ 1.36 ಹೆಕ್ಟೇರಿಗೆ, ಎಂದರೆ ಮೂರೂಕಾಲು ಎಕರೆ ಚಿಲ್ಲರೆಗೆ, ಇಳಿದಿತ್ತು. ಆದರೆ ಜಂಟಿ ಖಾತೆ ಎಂದರೆ ವಿಭಾಗವಲ್ಲ. ಹೆಸರುಗಳು ಹೆಚ್ಚಿದರೆ ಬದುಗಳು ಹೆಚ್ಚುವುದಿಲ್ಲ. ನೆಲವನ್ನು ತುಂಡು ಮಾಡುವುದು ಕಲಮಿನ ಹೆಸರಲ್ಲ, ಮನಸ್ಸುಗಳ ಬಿರುಕು. ಬಚ್ಚಿಟ್ಟ ಹಕ್ಕು ಹತ್ತು ವರ್ಷದ ನಂತರ ನ್ಯಾಯಾಲಯದಲ್ಲಿ ಎದ್ದು ನಿಂತಾಗ ಆ ಬಿರುಕು ಇನ್ನೂ ಅಗಲವಾಗುತ್ತದೆ.

ಎರಡನೆಯದು, ‘ಅವರೇ ಕೇಳಿಲ್ಲವಲ್ಲ.’ ತವರಿನ ಬಾಗಿಲು ಮುಚ್ಚೀತೆಂಬ ಭಯದಲ್ಲಿ ಅಕ್ಕತಂಗಿಯರು ಕೇಳುವುದಿಲ್ಲ. ಮಗನ ಮನಸ್ಸು ನೊಂದೀತೆಂದು ತಾಯಿ ಕೇಳುವುದಿಲ್ಲ. ಕೇಳದಿರುವುದನ್ನು ಬೇಡದಿರುವುದು ಎಂದು ಬರೆದುಕೊಳ್ಳುವುದು ಕೆಟ್ಟ ತಂತ್ರಾಂಶದ ಲಕ್ಷಣ, ಕೆಟ್ಟ ಮನೆತನದ ಲಕ್ಷಣ ಕೂಡ.

ಮೂರನೆಯದು, ‘ಅಮ್ಮನಿಗೆ ಓದು ಬಾರದು, ಮೊಬೈಲು ಬಾರದು.’ ಬಿತ್ತನೆಯ ಹದ, ದನದ ಗಬ್ಬ, ಚೀಟಿಯ ಬಡ್ಡಿ, ನೆಂಟರ ಲೆಕ್ಕ ಎಲ್ಲವನ್ನೂ ತಲೆಯಲ್ಲಿ ಇಟ್ಟುಕೊಂಡವರಿಗೆ ಆರಂಕಿಯ ಸಂಖ್ಯೆಯೊಂದು ಕಷ್ಟವೇ? ಹೇಳಿಕೊಡುವ ತಾಳ್ಮೆ ನಮ್ಮಲ್ಲಿ ಕಡಿಮೆಯಾಗಿದೆ. ಕಂಪನಿಯಲ್ಲಿ ಹೊಸಬರಿಗೆ ತಿಂಗಳುಗಟ್ಟಲೆ ತರಬೇತಿ ಕೊಡುವವರು ತಾಯಿಗೆ ಎರಡು ಸಂಜೆ ಕೊಡಲಾರೆವೆ? ಪರದೆಯ ಮೇಲಿನ ಮಾತು ಕನ್ನಡದಲ್ಲಿಲ್ಲದಿದ್ದರೆ ಅದು ಆಕೆಯ ಕೊರತೆಯಲ್ಲ, ಅದನ್ನು ಬರೆದವರ ಕೊರತೆ. ಆ ಬರೆಯುವವರಲ್ಲಿ ನೀವೂ ಇದ್ದೀರಿ.

ಹಾಗಾದರೆ ಮಾಡಬೇಕಾದದ್ದೇನು? ನಾನು ನಾಲ್ಕು ಕೆಲಸಗಳನ್ನು ಸೂಚಿಸುತ್ತೇನೆ. ಯಾವುದಕ್ಕೂ ಊರಿಗೆ ಮರಳಿ ನೆಲೆಸುವ ಪ್ರತಿಜ್ಞೆ ಬೇಕಾಗಿಲ್ಲ. 2017ರಲ್ಲಿ ಹಾಸನಕ್ಕೂ ಬೆಂಗಳೂರಿಗೂ ನೇರ ರೈಲುಮಾರ್ಗ ತೆರೆದ ಮೇಲೆ ದೂರದ ನೆಪವೂ ಕಡಿಮೆಯಾಗಿದೆ.

ಒಂದು, ನಿಮ್ಮ ಮನೆಯ ಪಹಣಿ ತೆಗೆಸಿ ಒಂಬತ್ತನೆಯ ಕಲಂ ಓದಿರಿ. ತೀರಿಕೊಂಡವರ ಹೆಸರಿದ್ದರೆ ಪೌತಿ ಖಾತೆಗೆ ಅರ್ಜಿ ಹಾಕಿರಿ. ವಂಶವೃಕ್ಷದಲ್ಲಿ ತಾಯಿಯನ್ನೂ ಎಲ್ಲ ಹೆಣ್ಣುಮಕ್ಕಳನ್ನೂ ಬರೆಸಿರಿ. ಬಿಟ್ಟುಕೊಡುವವರು ಆಮೇಲೆ ತಿಳಿದು ಬಿಟ್ಟುಕೊಡಲಿ, ತಿಳಿಯದೆ ಬಿಟ್ಟುಹೋಗುವುದು ಬೇಡ.

ಎರಡು, ಹೊಲದಲ್ಲಿ ಇರುವವರ ದೂರವಾಣಿ ಸಂಖ್ಯೆಯೇ ದಾಖಲೆಗಳಲ್ಲಿ ಇರಲಿ. ತಾಯಿಯ ಹೆಸರಿನಲ್ಲಿ ಒಂದು ಸಂಖ್ಯೆ, ಆಕೆಯ ಕೈಯಲ್ಲಿ ಒಂದು ಮೊಬೈಲ್, ಆಕೆಯ ಹೆಸರಿನಲ್ಲಿ ಒಂದು ಬ್ಯಾಂಕ್ ಖಾತೆ. ಮೋಡದ ಮುನ್ನೆಚ್ಚರಿಕೆ ಮೋಡದ ಕೆಳಗೆ ನಿಂತವರಿಗೆ ಬರಲಿ.

ಮೂರು, ವರ್ಷಕ್ಕೆರಡು ಗ್ರಾಮಸಭೆಗಳಲ್ಲಿ ಒಂದಕ್ಕಾದರೂ ಬನ್ನಿರಿ. ಬಂದು ಭಾಷಣ ಮಾಡಬೇಡಿ. ಪಂಚಾಯಿತಿಯ ಕ್ರಿಯಾಯೋಜನೆಯನ್ನು, ಕೆರೆಕಟ್ಟೆಗಳ ಸರ್ವೆ ನಂಬರನ್ನು, ಗುಂಡುತೋಪಿನ ವಿಸ್ತೀರ್ಣವನ್ನು ಪರದೆಯಿಂದ ಓದಿ ಗಟ್ಟಿಯಾಗಿ ಹೇಳಿರಿ. ಉಳಿದದ್ದನ್ನು ಊರು ಹೇಳುತ್ತದೆ. ಅಂತರ್ಜಾಲದಲ್ಲಿ ಇರುವುದು ಊರಿನ ಕಿವಿಗೆ ಬೀಳುವವರೆಗೆ ಅದು ಸಾರ್ವಜನಿಕ ಮಾಹಿತಿಯಲ್ಲ. 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಪಂಚಾಯಿತಿಯಲ್ಲೂ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಯಾರೋ ಕಚೇರಿಯಲ್ಲಿ ಕುಳಿತು ತುಂಬಿದ ದಾಖಲಾತಿಯೊಂದಿಗೆ, ನಿಮ್ಮ ಅಜ್ಜಿಯಂದಿರು ಹೇಳುವ ಸೊಪ್ಪು, ಬೀಜ, ಮೀನುಗಳ ಪಟ್ಟಿಯನ್ನು ಹೋಲಿಸಿ ನೋಡಿರಿ. ಬಿಟ್ಟುಹೋದ ಹೆಸರುಗಳು ಅಲ್ಲಿಯೂ ಸಿಗುತ್ತವೆ.

ನಾಲ್ಕು, ನಿಮ್ಮ ಕೆಲಸದ ಮೇಜಿನ ಮೇಲೆ. ನಿಮ್ಮಲ್ಲಿ ಕೆಲವರು ಸರ್ಕಾರಿ ಸೇವೆಗಳ ತಂತ್ರಾಂಶ ಬರೆಯುತ್ತೀರಿ, ಬರೆಯದವರು ಮುಂದೆ ಬರೆಯಬಹುದು. ಮಾಲೀಕನ ಹೆಸರಿನ ಪಕ್ಕದಲ್ಲಿ ಸಾಗುವಳಿ ಮಾಡುವವರ ಹೆಸರಿಗೂ ಒಂದು ಜಾಗ ಬಿಡಿರೆಂದು ಆ ಸಭೆಯಲ್ಲಿ ಕೇಳಿರಿ. ಅರ್ಜಿ ತಿರಸ್ಕೃತವಾದರೆ ಏಕೆಂದು ಕನ್ನಡದಲ್ಲಿ ಹೇಳುವ, ಯಾರನ್ನು ಕಾಣಬೇಕೆಂದು ತೋರಿಸುವ ಎರಡು ಸಾಲು ಬರೆಯಿರಿ. ‘ಮೊದಲು ಬಂದದ್ದು ಮೊದಲು’ ಎಂಬ ಒಂದು ನಿಯಮ ಎರಡು ಕೋಟಿ ಪಹಣಿಗಳ ಹಣೆಬರಹ ಬದಲಿಸಿತಲ್ಲ, ಆ ಜಾತಿಯ ಕೆಲಸ ಇದು. ಗುಣಗಾನ ಸಿಗಲಾರದು, ಆದರೆ ಯಾರದೋ ಹೊಲದಲ್ಲಿ ಅದು ಫಲ ಕೊಡುತ್ತದೆ.

ನಮ್ಮ ಬಳಗಕ್ಕೂ ಇದರಲ್ಲಿ ಪಾಲಿದೆ. ಕಾಡು ಉಳಿಸಿ, ನದಿ ಉಳಿಸಿ ಎಂದು ಘಟ್ಟದ ಮೇಲೆ ಕೂಗುವಾಗ, ಉಳಿಸಬೇಕಾದವರ ಹೆಸರು ನೆಲದ ಮೇಲೆ ಎಲ್ಲಿಯೂ ಬರೆದಿಲ್ಲವೆಂಬುದನ್ನು ಚಳವಳಿಗಳು ಗಮನಿಸಿದ್ದು ಕಡಿಮೆ. ಸಹಿ ಹಾಕುವ ಹಕ್ಕಿಲ್ಲದವರಿಗೆ ಬೇಡವೆನ್ನುವ ಹಕ್ಕೂ ಇರುವುದಿಲ್ಲ. ಬೇಡವೆನ್ನುವ ಹಕ್ಕು ಇಲ್ಲದ ಊರಿನಲ್ಲಿ ಯಾವ ಕಾಡೂ, ಯಾವ ಕೆರೆಯೂ ಬಹುಕಾಲ ಉಳಿಯದು. ಹಾಗಾಗಿ ಮುಂದಿನ ದಿನಗಳಲ್ಲಿ ಗಿಡ ನೆಡುವ ಕಾರ್ಯಕ್ರಮದ ಜೊತೆಗೇ ಪೌತಿ ಖಾತೆಯ ಅರ್ಜಿ ತುಂಬಿಸುವ ಮೇಜೊಂದನ್ನೂ ಹಾಕೋಣ ಎಂಬುದು ನನ್ನ ಸಲಹೆ. ಅರ್ಜಿ ತುಂಬಿಸಲು ಬೆರಳು ಚುರುಕಾದ, ಕನ್ನಡ ಬಲ್ಲ, ಪರದೆಗೆ ಹೆದರದ ಜನ ಬೇಕು. ಅಂಥವರು ಈ ಸಭೆಯಲ್ಲಿ ಎಷ್ಟೊಂದು ಮಂದಿ ಇದ್ದೀರಿ.

ಸಭೆ ಮುಗಿದ ಮೇಲೆ ಮೇಜಿನ ಬಳಿ ಅರ್ಜಿಯ ನಮೂನೆಗಳನ್ನು ಇಡಲಾಗಿದೆ. ಬೇಕಾದವರು ತೆಗೆದುಕೊಳ್ಳಿರಿ. ಜೊತೆಯಲ್ಲಿ ತಾಯಿಯನ್ನು ಕರೆದುಕೊಂಡು ಬನ್ನಿರಿ.